ಅಳಿಸಿ ಬರೆಯಬಹುದಾದ ಡಿಸ್ಕ್

ಗಂಟಲಿನ ಆಪರೇಷನ್ನಿಗೆ ಮುಂಚೆ ಅಪ್ಪನ ಸ್ವರವನ್ನು ಸೀಡಿಯಲ್ಲಿ ತೆಗೆದಿಡಬೇಕೆಂದು ಮೊದಲು ಹೇಳಿದವಳು ಅಮ್ಮ. ನಾನೇ ಹೇಳಿದ್ದೆಂದು ಬಹಳ ಕಾಲ ನಂಬಿದ್ದೆ. ಈಗ ಎರಡರ ಮೇಲೂ ನಂಬಿಕೆಯಿಲ್ಲ. ಖಾಲಿ ಡಿಸ್ಕ್ ಕೊಳ್ಳಲು ಅಪ್ಪನೂ ನಾನೂ ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಹತ್ತಿ ಉಲ್ಹಾಸನಗರಕ್ಕೆ ಹೋದದ್ದಂತೂ ನಿಜ. ಕೋಪರಿಯಲ್ಲಿ, ನಮ್ಮ ಬಿಲ್ಡಿಂಗಿನ ಕೆಳಗೇ ಸಿಗುತ್ತಿತ್ತು. ಆದರೆ ನಾಲ್ಕು ಅಂಗಡಿ ಸುತ್ತದೆ ಗುಂಡುಸೂಜಿಯನ್ನೂ ಕೊಳ್ಳುವವರಲ್ಲ ಅಪ್ಪ.

ಅವರು ಹವ್ಯಾಸಿ ಅರ್ಥಧಾರಿ; ವೇಷವಿಲ್ಲದೆ ಕುಳಿತು ಯಕ್ಷಗಾನದ ಪಾತ್ರಗಳ ಮಾತನ್ನು, ಅಂದರೆ ಅರ್ಥವನ್ನು, ಸ್ಥಳದಲ್ಲೇ ಕಟ್ಟಿ ಹೇಳುವವರು. ಆಫೀಸಿನಲ್ಲಿ ಮರಾಠಿ, ಮನೆಯಲ್ಲಿ ತುಳು ಬೆರೆತ ಮಾತು. ಡೊಂಬಿವಲಿಯ ಸಭಾಂಗಣದಲ್ಲಿ ತಾಳಮದ್ದಳೆಗೆ ಕುಳಿತರೆ ಮಾತ್ರ ಅವರಿಂದ ಬೇರೆಯೇ ಒಂದು ಕನ್ನಡ ಹೊರಡುತ್ತಿತ್ತು. ಅದನ್ನು ಉಳಿಸಿಕೊಳ್ಳಬೇಕಿತ್ತು.

ಎಂ.ಎಸ್ಸಿ. ಮಾಡಿದವನಾದ್ದರಿಂದ ಡಿಸ್ಕುಗಳ ಬಗ್ಗೆ ಓದಿಕೊಂಡೇ ಹೋಗಿದ್ದೆ. ಕಂಬದಂತೆ ಪೇರಿಸಿಟ್ಟ ಬಿಡಿ ಮಾಲು ಬೇಡ, ಒಂದೊಂದೇ ಡಬ್ಬಿಯಲ್ಲಿರುವುದು ಬೇಕು. ಟ್ಯೂಬ್‌ಲೈಟಿಗೆ ಹಿಡಿದರೆ ಎಲ್ಲಿಯೂ ಸೂಜಿಮೊನೆಯಷ್ಟು ಬೆಳಕು ತೂರಬಾರದು. ಎಲ್ಲಕ್ಕಿಂತ ಮುಖ್ಯ, ಒಮ್ಮೆ ಬರೆದರೆ ಅಳಿಸಲಾಗದ ಜಾತಿಯದೇ ಆಗಬೇಕು.

"ಏಕ್ ಬಾರ್ ಲಿಖಾ ತೋ ಪತ್ಥರ್ ಕೀ ಲಕೀರ್, ಅಂಕಲ್," ಎಂದು ಅಂಗಡಿಯವನು ಅಳಿಸಲಾಗದ್ದೊಂದನ್ನು ಮುಂದಿಟ್ಟ. ಪಕ್ಕದಲ್ಲಿ ಅಳಿಸಿ ಬರೆಯುವ ಇನ್ನೊಂದು. "ಔರ್ ಯೇ ವಾಲಾ, ಮಿಟಾವೋ, ಫಿರ್ ಲಿಖೋ."

ಅಪ್ಪ ಎರಡನೆಯದನ್ನು ಕೈಗೆತ್ತಿಕೊಂಡರು. ಸ್ವರ ಆಗಲೇ ಒಡೆದಿತ್ತು. "ಇದು ಸಾಕು ಮಾರಾಯ. ಈಗ ಹೇಳಿದ್ದು ಚಂದ ಬರುದಿಲ್ಲ. ಆಪರೇಷನ್ ಆಗಿ ಗಂಟಲು ಸರಿಯಾದ ಮೇಲೆ ಇದನ್ನು ಅಳಿಸಿ ಮತ್ತೊಮ್ಮೆ ಹೇಳುವ."

ಸ್ವರಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆಂದು ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. ಅಪ್ಪ ತಲೆಯಾಡಿಸಿದ್ದರು. ಈಗ ಅಂಗಡಿಯೆದುರು ನಿಂತು, ಅಳಿಸಲಾಗದ್ದೇ ಬೇಕೆಂದು ನಾನು ಹಟ ಹಿಡಿದರೆ ಡಾಕ್ಟರ ಮಾತನ್ನು ಇನ್ನೊಮ್ಮೆ ಹೇಳಿದ ಹಾಗೆ. "ಆಯ್ತು, ಅದೇ ತಗೊಳ್ಳುವ," ಎಂದೆ.

ಮನೆಯಲ್ಲಿ ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಬೆವರುತ್ತ ರೆಕಾರ್ಡ್ ಮಾಡಿದೆವು. ಮಗನಿಗೆ ಬುದ್ಧಿ ಹೇಳುವ ಮುದಿ ರಾಜನ ಅರ್ಥ. ಡಿಸ್ಕಿಗೆ ಹಾಕಿದ ಮೇಲೆ ಕಂಪ್ಯೂಟರಿನ ಪ್ರತಿಯನ್ನು ನಾನೇ ತೆಗೆದೆನೋ, ಆಮೇಲೆ ಫಾರ್ಮ್ಯಾಟ್ ಮಾಡಿಸಿದಾಗ ಹೋಯಿತೋ, ನೆನಪಿಲ್ಲ.

ಅಪ್ಪ ಆಸ್ಪತ್ರೆಯಲ್ಲಿದ್ದಾಗ ಎದುರು ಮನೆಯ ವಿಜಯಪುರದ ಅಕ್ಕ ಆ ಡಿಸ್ಕನ್ನು ಎರವಲು ಕೇಳಿದರು. ವರ್ಷಗಟ್ಟಲೆ ಅಪ್ಪನ ಅರ್ಥವನ್ನು ಬಾಗಿಲಾಚೆಯಿಂದ ಕೇಳಿದವರು. ಅಮ್ಮ ಸಂತೋಷದಿಂದ ಕೊಟ್ಟಳು. ನಮ್ಮ ಎರಡು ಬಾಗಿಲುಗಳ ನಡುವೆ ಪಾತ್ರೆ ಬರಿದಾಗಿ ಹಿಂತಿರುಗಿದ್ದಿಲ್ಲ. ಪತ್ರೊಡೆ ಹೋದ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಬರುತ್ತಿತ್ತು, ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆಯಾದರೂ. ಡಿಸ್ಕೂ ಹಾಗೆಯೇ ಬಂತು.

ಅಪ್ಪ ಕುತ್ತಿಗೆಯಲ್ಲಿ ತೂತು ಹೊತ್ತು ಮನೆಗೆ ಬಂದು, ಕೆಲವು ದಿನಗಳ ಮೇಲೆ ಕಂಪ್ಯೂಟರಿನತ್ತ ಕೈ ತೋರಿಸಿದರು. ಹಾಕಿದೆ. ಚಪ್ಪಾಳೆ, ತಾಳ, ಹೆಂಗಸರ ಗುಂಪು.

"ಇದು ನಮ್ಮ ಭಜನೆ ಅಲ್ವಾ! ಇವರದ್ದು ಎಲ್ಲಿ?" ಎಂದಳು ಅಮ್ಮ.

ಡಿಸ್ಕನ್ನು ಕೊನೆಯವರೆಗೆ ಓಡಿಸಿದೆ. ಇರಲಿಲ್ಲ. ಕರೆದಾಗ ಅಕ್ಕ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದರು. "ನೀವೂ ಹಾಡಿದ್ರಲ್ರೀ ಅಕ್ಕಾರ, ಅದನ್ನ ತುಂಬಿಸೀನಿ. ಖಾಲಿ ಹ್ಯಾಂಗ ಕೊಡೂದು? ಸೈಬರ್ ಕೆಫೆಯಾಂವ ಜಾಗಾ ಸಾಲಂಗಿಲ್ಲ, ತೆಗೀಲೇನು ಅಂದ. ನಾ ಏನೋ ಕಸಾ ತೆಗೀತಾನ ಅನಕೊಂಡೆ..." ನಮ್ಮ ಮುಖ ನೋಡಿ ಅವರಿಗೆ ಗೊತ್ತಾಯಿತು. ಅಪ್ಪ ಅವರಿಗೆ ಕೈಮುಗಿದು, ಹೋಗಲಿ ಬಿಡಿ ಎಂಬಂತೆ ಸನ್ನೆ ಮಾಡಿದರು. ಅಕ್ಕ ಅಳುತ್ತ ಹೋದರು.

ಅಮ್ಮ ನನ್ನತ್ತ ತಿರುಗಿದಳು. "ರೆಕಾರ್ಡ್ ಮಾಡುವಾಗ ನೀನು ಇದ್ದಿಯಲ್ಲ. ಹೇಗೆ ಹೇಳಿದ್ರು, ಹೇಳು ನೋಡುವ."

ಅವರ ಅರ್ಥದ ಒಂದು ವಾಕ್ಯ ನೆನಪಿತ್ತು, ಅಥವಾ ಹಾಗೆಂದುಕೊಂಡೆ. "ಮಗನೇ, ಗೆದ್ದು ಬಂದವನಿಗೆ ಮನೆಯ ಬಾಗಿಲು ಯಾಕೆ ಗಿಡ್ಡವಾಗುತ್ತದೆ, ಬಲ್ಲೆಯಾ?"

"ಹಾಗಲ್ಲ. 'ಮಗನೇ' ಅಂತ ಹೇಳಿ ಒಮ್ಮೆ ನಿಲ್ಲಿಸಿದ್ರು. ಮತ್ತೆ ಸ್ವರ ಕೆಳಗೆ ಹೋಯ್ತು," ಎಂದು ಅಮ್ಮ ತಾನೇ ಹೇಳಿ ತೋರಿಸಿದಳು.

ಅಪ್ಪ ಇಬ್ಬರಿಗೂ ಇಲ್ಲವೆಂದು ತಲೆಯಾಡಿಸಿದರು. ಬಾಯಿ ತೆರೆದರು. ತುಟಿಗಳು ಆ ವಾಕ್ಯವನ್ನು ಪೂರ್ತಿ ಆಡಿದವು. ಕುತ್ತಿಗೆಯ ತೂತಿನಿಂದ ಬರೀ ಗಾಳಿ ಬಂತು. ತುಟಿ ನೋಡಿಕೊಂಡು ನಾನು ನಿಧಾನವಾಗಿ ಹೇಳಿದೆ. ಅಲ್ಲ. ಏರಿಸಿ ಹೇಳಿದೆ. ಅಲ್ಲ. ಸಾಕೆಂದು ಎದ್ದರೆ ಮಣಿಕಟ್ಟು ಹಿಡಿದು ಕೂರಿಸಿದರು. ಮತ್ತೆ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿ, ಅಲ್ಲವೆಂದು ತಲೆಯಾಡಿಸಿದರು.