ಗಾಜಿನ ಮೇಲೆ ಸಿಕ್ಕ ಉಬ್ಬು

ನಡೆದದ್ದು ಇಷ್ಟೇ: ಕಣ್ಣಿಗೆ ಕಾಣದ್ದು ನನ್ನ ಬೆರಳಿಗೆ ಸಿಕ್ಕಿತು. ದೆವ್ವವಲ್ಲ, ದೇವರೂ ಅಲ್ಲ. ಇಂಥ ಕಥೆ ಹೇಳುವವರನ್ನು ಕಂಡು ನಕ್ಕವಳು ನಾನು. ಈಗ ನೀವು ನಕ್ಕರೂ ಬೇಸರವಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಪಾಲಿಬೆಟ್ಟದ ಎಸ್ಟೇಟಿನಲ್ಲಿ ಮೂವತ್ತು ವರ್ಷ ಬೋರರ್ ಹುಡುಕಿದೆ. ಕಾಫಿ ಗಿಡದ ಕಾಂಡ ಕೊರೆಯುವ ಹುಳ ಅದು. ಎಲೆ ಹಸಿರಾಗೇ ಇರುತ್ತದೆ, ಕಾಂಡಕ್ಕೆ ಕೈಯಾಡಿಸಿದರೆ ಮಾತ್ರ ತೊಗಟೆಯಲ್ಲಿ ಸಣ್ಣ ಉಬ್ಬು ಸಿಗುತ್ತದೆ. ಸಿಕ್ಕಿದರೆ ಗಿಡ ಕಿತ್ತು ಸುಡುವುದು.

ಇದು ನಡೆದಾಗ ನನ್ನ ಎದೆಯ ಕ್ಯಾನ್ಸರ್ ಗಡ್ಡೆ ತೆಗೆಸಿ ಎರಡು ವರ್ಷವಾಗಿತ್ತು. ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಅಂದಿದ್ದರು ಡಾಕ್ಟರು. ತೆಗೆದ ಮೇಲೆ ತೋರಿಸುವುದೇನು ಎಂದು ನಾನು ಹೋಗಿರಲಿಲ್ಲ. ನಿಜ ಹೇಳಬೇಕೆಂದರೆ, ಹೆದರಿಕೆ.

ಮೊಮ್ಮಗಳು ನೀಲಾ ಮೈಸೂರಿನ ಲ್ಯಾಬಿನಲ್ಲಿದ್ದಾಳೆ. ಕ್ಯಾನ್ಸರಿನ ಕಾಂಡಕೋಶ ಅಂತ ಕೆಲವು ಇರುತ್ತವಂತೆ. ಔಷಧಿಗೆ ಸಾಯದೆ ಅಡಗಿ ಕೂತು ಗಡ್ಡೆಯನ್ನು ಮತ್ತೆ ಬೆಳೆಸುತ್ತವೆ. ಅವಕ್ಕೆ ಹೊಳೆಯುವ ಬಣ್ಣ ಹತ್ತಿಸಿ ಮೈಕ್ರೋಸ್ಕೋಪಿನಲ್ಲಿ ಪಟ ತೆಗೆಯುವುದು ಅವಳ ಕೆಲಸ.

ಊರಿಗೆ ಬಂದಿದ್ದವಳು ಒಂದು ಭಾನುವಾರ ಮಧ್ಯಾಹ್ನ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಅಂಥದೊಂದು ಪಟ ತೋರಿಸಿದಳು. ಕಪ್ಪಿನಲ್ಲಿ ನಾಲ್ಕು ಹಸಿರು ಚುಕ್ಕಿ. ಅಭ್ಯಾಸಬಲದಿಂದ ಗಾಜಿನ ಮೇಲೆ ಕೈಯಾಡಿಸಿದೆ. ಖಾಲಿ ಮೂಲೆಯಲ್ಲಿ ಬೆರಳಿಗೆ ಉಬ್ಬು ಸಿಕ್ಕಿತು, ತೊಗಟೆಯಲ್ಲಿ ಸಿಗುವಂಥದ್ದೇ.

"ಇಲ್ಲೊಂದಿದೆ ನೋಡೇ."

"ಅಲ್ಲೇನಿಲ್ಲ ಅಜ್ಜಿ. ಎಣ್ಣೆ ಕೈ ಬೇರೆ, ಸ್ಕ್ರೀನೆಲ್ಲ ಹಾಳು ಮಾಡ್ದೆ!"

"ಎಸ್ಟೇಟಿನಲ್ಲಿ ಲೆಕ್ಕ ಬರೆಯೋ ರೈಟ್ರೂ ಹಿಂಗೇ ಅಂತಿದ್ರು. ಕಾಂಡ ಸೀಳಿ ಹುಳ ತೋರಿಸ್ತಿದ್ದೆ."

ಅವಳೂ ಸವರಿದಳು, ಬರೀ ನುಣುಪು. ನನ್ನ ಹಠಕ್ಕೆ, ಅವತ್ತೂ ಲ್ಯಾಬಿನಲ್ಲಿದ್ದ ಗೆಳತಿಗೆ ಫೋನು ಮಾಡಿ, ಆ ಮೂಲೆಯಲ್ಲೇ ಇನ್ನಷ್ಟು ಆಳಕ್ಕೆ ನೋಡಿ ಪಟ ತೆಗೆಯಲು ಹೇಳಿದಳು. ಸಂಜೆ ಕಾಫಿ ಹೊತ್ತಿಗೆ ಪಟ ಬಂತು. ನಾನು ಬೆರಳಿಟ್ಟಲ್ಲೇ, ಮಸುಕಾಗಿ, ಐದನೇ ಚುಕ್ಕಿ.

ಕಾಕತಾಳೀಯ ಅಂದಳು ನೀಲಾ. ಇರಬಹುದು, ನಾನು ಒಳ್ಳೆ ಗಿಡ ಕೀಳಿಸಿದ್ದೂ ಉಂಟು. ಆದರೆ ಗಾಜಿಗೆ ಉಬ್ಬು ಎಲ್ಲಿಂದ ಬಂತು? ಆಮೇಲೆ ಎಷ್ಟೋ ಸಲ ಸವರಿದ್ದೇನೆ, ಸಿಕ್ಕಿಲ್ಲ. ಇವತ್ತಿಗೂ ನನಗೆ ಗೊತ್ತಿಲ್ಲ.

"ಸಿಕ್ಕಿದ್ರೆ ಏನ್ ಮಾಡ್ತೀರೇ?" ಎಂದು ಅವತ್ತೇ ಕೇಳಿದ್ದೆ.

"ಸಿಕ್ಕಿದ್ರೆ ಅದಕ್ಕೇ ಔಷಧಿ ಹುಡುಕಬಹುದು ಅಜ್ಜಿ. ಸಿಗದಿದ್ರೇ ಕಷ್ಟ."

ಈ ಮಾತು ತಿಳಿಯಲು ನನಗೆ ಓದು ಬೇಕಿರಲಿಲ್ಲ.

ಮರುದಿನ ಬೆಳಿಗ್ಗೆ ಟ್ರಂಕಿನ ತಳದಿಂದ ಆಸ್ಪತ್ರೆಯ ಚೀಟಿ ತೆಗೆದು, ನೀಲಾಳನ್ನು ಎಬ್ಬಿಸಿ, ಮೊದಲ ಬಸ್ಸು ಹತ್ತಿದೆ.