ಗಾಳಿಬೀಡಿನ ಏರಿನಲ್ಲಿ ಹಳೆಯ ಲಾರಿ

ಗಾಳಿಬೀಡಿನ ಎಸ್ಟೇಟಿಗೆ ಜೀಪು ಸಿಗದೆ ಕುಶಾಲಪ್ಪನವರ ಲಾರಿ ಹತ್ತಿದೆ. ಲಾರಿಗೆ ಹೆಚ್ಚುಕಡಿಮೆ ನನ್ನ ವಯಸ್ಸು. ಹಿಂದೆ ಕೆಳಗಿನ ತೋಟದಲ್ಲಿ ಆಗಷ್ಟೇ ಕೊಯ್ದ ಕಾಫಿ ಹಣ್ಣಿನ ಮೂಟೆಗಳು. ಹೋದ ವರ್ಷ ದೊಡ್ಡ ಇಂಜಿನ್ ಕೂರಿಸಿದ್ದೇನೆ ಎಂದರು. ಹಾಗಾದರೆ ಹಾರುತ್ತದೆ ಎಂದುಕೊಂಡೆ. ಸಮತಟ್ಟು ರಸ್ತೆಯಲ್ಲೂ ಅದು ನಲವತ್ತು ದಾಟಲಿಲ್ಲ.

"ಇಂಜಿನ್ ಬಲ ಕೊಡ್ತದೆ ಸಾರ್. ಓಟ ಇರೋದು ಕ್ರೌನಲ್ಲಿ," ಎಂದು ಹಿಂದಿನ ಅಚ್ಚಿನ ಹಲ್ಲುಚಕ್ರದ ಕಡೆ ಹೆಬ್ಬೆರಳು ತೋರಿಸಿದರು. "ಇದು ಹಳೇ ಕ್ರೌನು. ಟಾಪ್ ಗೇರಲ್ಲೂ ಇಂಜಿನ್ ಏಳು ಸುತ್ತು ಸುತ್ತಿದ್ರೆ ಚಕ್ರ ಒಂದೇ ಸುತ್ತು."

"ಅದನ್ನೂ ಬದಲಾಯಿಸಬಾರದಿತ್ತಾ?"

"ಇಂಜಿನ್ ಜೊತೆಗೇ ಬದಲಾಯಿಸಿದ್ದೆ. ಮೈಸೂರು ರೋಡಲ್ಲಿ ಬಾಣದ ಹಾಗೆ ಹೋಯ್ತು. ಇಲ್ಲಿ ಏರಲ್ಲಿ ಲೋಡ್ ಎಳೀಲಾರ್ದೆ ಹಿಂದಕ್ಕೆ ಜಾರ್ತು. ಹಿಂದೆ ಹಣ್ಣು ಕೊಯ್ಯೋ ಹೆಂಗಸರು ನಡ್ಕೊಂಡು ಬರ್ತಿದ್ರು. ಪುಣ್ಯಕ್ಕೆ ಮರಕ್ಕೆ ಗುದ್ದಿ ನಿಂತಿತು. ವಾರದೊಳಗೆ ಹಳೇದೇ ಹಾಕಿಸ್ದೆ. ಅವತ್ತಿಂದ ಅವರು ಮುಂದೆ, ಲಾರಿ ಹಿಂದೆ."

ಏರು ಬಂತು. ನಿಜಕ್ಕೂ ಏಳೆಂಟು ಹೆಂಗಸರು ನಮ್ಮ ಮುಂದೆ ಹರಟುತ್ತ ನಡೆಯುತ್ತಿದ್ದರು. ಲಾರಿ ಅವರ ನಡಿಗೆಗೆ ಸರಿಯಾಗಿ ಹತ್ತತೊಡಗಿತು. ಬಾನೆಟ್ಟಿನಾಚೆ ನನಗೆ ಕಂಡದ್ದು ಆಕಾಶ ಮತ್ತು ಅವರ ತಲೆಗಳು ಮಾತ್ರ. ತೀರಾ ಕಡಿದಾದ ಜಾಗದಲ್ಲಿ ಒಬ್ಬ ಮುದುಕಿ ಕಾಲಿನ ಮುಳ್ಳು ಕೀಳಲು ದಾರಿಯ ನಡುವೆಯೇ ಕುಳಿತುಬಿಟ್ಟಳು. ಕುಶಾಲಪ್ಪ ಲಾರಿ ನಿಲ್ಲಿಸಿದರು. ನಾನು ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡೆ.

ಮುಳ್ಳು ಕಿತ್ತು ಆಕೆ ಎದ್ದಳು. ಅಷ್ಟು ಭಾರ ಹೊತ್ತ ಲಾರಿ ಒಂದು ಬೆರಳಿನಷ್ಟೂ ಹಿಂದೆ ಸರಿಯದೆ ಹೊರಟಿತು. ಆಕೆ ತಿರುಗಿ ಕೂಡ ನೋಡಲಿಲ್ಲ.