ಮೊದಲ ಎಂಟು ಅಕ್ಷರಗಳು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಚಿಕ್ಕಮಗಳೂರಿನ ಕಾಫಿ ಬೀಜ ಹದಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಟೈಪಿಸ್ಟ್ ಆಗಿದ್ದೆ. ದಿನಾ ಮಲ್ಲಂದೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಅಲ್ಲಿ ಕಾಫಿಯ ರುಚಿ ನೋಡುವ ಹಿರಿಯರೊಬ್ಬರಿದ್ದರು. ಯಾವ ತೋಟದ್ದೆಂದು ಗೊತ್ತಿಲ್ಲದ ಬಟ್ಟಲುಗಳಿಂದ ಚಮಚದಲ್ಲಿ ಸೊರ್ರೆಂದು ಹೀರಿ, ಉಗುಳಿ, ಅವರು ಹೇಳಿದ್ದನ್ನು ನಾನು ಬರೆದುಕೊಳ್ಳುತ್ತಿದ್ದೆ. ಯಾವ ತೋಟದ ಕಾಫಿಗೆ ಮೊದಲ ಸ್ಥಾನವೆಂಬ ಫಲಿತಾಂಶ ಮೊದಲೇ ತಿಳಿಯಬೇಕೆಂದು ಎಸ್ಟೇಟಿನವರು ಕಚೇರಿಗೆ ಎಡತಾಕುತ್ತಿದ್ದರು.

ಆ ವರ್ಷ ಕಚೇರಿಗೆ ಕಂಪ್ಯೂಟರ್ ಬಂತು. ಅದನ್ನು ಕಲಿಸಲು ಮಂಗಳೂರಿನಿಂದ ಬಂದ ತರುಣ, ವರದಿಯನ್ನು ಗೂಢಲಿಪಿಯಾಗಿಸುವ ಒಂದು ಪ್ರೋಗ್ರಾಂ ತೋರಿಸಿದ. ಕಪ್ಪು ಪರದೆಯಲ್ಲಿ ಒಂದೇ ಸಾಲಿನ ಆಜ್ಞೆ: ಪ್ರೋಗ್ರಾಮಿನ ಹೆಸರು, ಕಡತದ ಹೆಸರು, ಕೀಲಿಯೆಂಬ ಗುಟ್ಟಿನ ಪದ, ಕೊನೆಗೊಂದು ಆರಂಭದ ಸಂಖ್ಯೆ. ಒಂದೇ ಪತ್ರವನ್ನು, ಒಂದೇ ಕೀಲಿಯಿಂದ, ಆರಂಭದ ಸಂಖ್ಯೆಯನ್ನಷ್ಟೇ ಬದಲಿಸಿ ಎರಡು ಸಲ ಮುಚ್ಚಿದ. ಮೂಡಿದ ಎರಡು ಗೋಜಲುಗಳಿಗೂ ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

"ಕೀಲಿ ಯಾರಿಗೂ ಹೇಳ್ಬೇಡಿ ಮೇಡಂ. ಈ ಸಂಖ್ಯೆ ಬೇರೆಯವ್ರು ನೋಡಿದ್ರೂ ಪರವಾಗಿಲ್ಲ, ಆದ್ರೆ ಪ್ರತಿ ಸಲ ಹೊಸದು ಹಾಕಿ" ಎಂದ.

ಕೀಲಿಯನ್ನು ಹಿರಿಯರೂ ನಾನೂ ಬಾಯಿಪಾಠ ಮಾಡಿಕೊಂಡೆವು. ತೆರೆಯುವಾಗಲೂ ಬೇಕಾಗುವ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಫ್ಲಾಪಿಗೆ ಅಂಟಿಸುತ್ತಿದ್ದೆ. ಕೈಬರಹದ ಹಾಳೆಗಳನ್ನು ಸುಟ್ಟುಹಾಕುತ್ತಿದ್ದೆವು.

ಮಳೆಗಾಲದಲ್ಲಿ ಹಿರಿಯರಿಗೆ ವಿಷಮಜ್ವರ ಬಂತು. ಮೂರು ವಾರದ ಮೇಲೆ ಬಂದವರು ಬಿಸಿ ಕಾಫಿಯ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು, "ಏನೂ ವಾಸ್ನೆ ಬರ್ತಾ ಇಲ್ಲ ಮಾರಾಯ್ತಿ" ಎಂದರು. ಅವರು ಕಡೆಯ ಸಲ ರುಚಿ ನೋಡಿದ ವರದಿ ಫ್ಲಾಪಿಯಲ್ಲಿ ಮಾತ್ರ ಇತ್ತು. ತೆಗೆದು ನೋಡಿದರೆ, ಥಂಡಿಗೆ ಅಂಟು ಬಿಟ್ಟು ಚೀಟಿ ಎಲ್ಲೋ ಬಿದ್ದುಹೋಗಿತ್ತು. ಸಂಖ್ಯೆ ನನಗೆ ನೆನಪಿರಲಿಲ್ಲ.

ಮಂಗಳೂರಿನ ಆ ತರುಣನಿಗೆ ಟ್ರಂಕ್ ಕಾಲ್ ಹಾಕಿದೆ.

"ಕೀಲಿ ನೆನಪಿದೆಯಲ್ಲ? ಹಾಗಾದ್ರೆ ಹೆದರ್ಬೇಡಿ. ಸಂಖ್ಯೆಯ ಜಾಗಕ್ಕೆ ಬರೀ ಸೊನ್ನೆ ಹಾಕಿ. ಆ ಸಂಖ್ಯೆ ಸೇರೋದು ಮೊದಲ ಎಂಟು ಅಕ್ಷರಕ್ಕೆ ಮಾತ್ರ, ಕೆಡೋದೂ ಅಷ್ಟೇ. ಆಮೇಲಿನ ಒಂದೊಂದು ಎಂಟೂ, ಅದರ ಹಿಂದೆ ಮುಚ್ಚಿಟ್ಟ ಎಂಟರ ಜೊತೆ ಬೆರೆತಿರ್ತದೆ. ಅದೆಲ್ಲ ಫ್ಲಾಪಿಯಲ್ಲೇ ಉಂಟು."

ಹಿರಿಯರು ಬೆನ್ನ ಹಿಂದೆ ನಿಂತಿದ್ದರು. ಸೊನ್ನೆಗಳನ್ನು ಒತ್ತಿದೆ. ಪರದೆಯ ಮೇಲೆ ಎಂಟು ಅರ್ಥವಿಲ್ಲದ ಗುರುತುಗಳು ಮೂಡಿದವು. ಆಮೇಲೆ, ಮಂಜು ಸರಿದ ಗುಡ್ಡದಂತೆ, ಇಡೀ ವರದಿ ಸಾಲುಸಾಲಾಗಿ ತೆರೆದುಕೊಂಡಿತು. ಕೆಟ್ಟಿದ್ದು ಒಂದೇ ಪದ. ಇಂಗ್ಲಿಷಿನಲ್ಲಿ ಅರೇಬಿಕಾ ಎಂದು ಬರೆಯುವ ಏಳಕ್ಷರ, ಪಕ್ಕದ ಖಾಲಿ ಜಾಗ ಒಂದು.

ಹಿರಿಯರು ಬಗ್ಗಿ ಓದಿದರು. "ಹನ್ನೊಂದನೇ ಬಟ್ಟಲು, ಕಿತ್ತಳೆ ಸಿಪ್ಪೆ, ಹಸಿ ಜೇನು... ಇದನ್ನ ನಾನೇ ಹೇಳಿದ್ದಾ?"

"ಹೌದು ಸರ್. ನೀವೇ, ಕಣ್ಣು ಮುಚ್ಚಿಕೊಂಡು."

ಅವರು ಇನ್ನೊಂದು ಸಲ ಓದಿದರು. ಆ ಹನ್ನೊಂದನೆಯದೇ ಮೊದಲ ಸ್ಥಾನಕ್ಕೆ ಬಂತು. ಅತ್ತಿಗುಂಡಿಯ ಒಬ್ಬ ಸಣ್ಣ ಬೆಳೆಗಾರನದು. ಹಿರಿಯರ ಮೂಗು ಮತ್ತೆ ಮೊದಲಿನಂತಾಗಲಿಲ್ಲ, ಆದರೆ ಆ ವರದಿಗೆ ಅವರೇ ಸಹಿ ಹಾಕಿದರು.

ಅವರು ಹೋದ ಮೇಲೆ, ಬೇಕೆಂದೇ ಕೀಲಿಯ ಒಂದಕ್ಷರ ತಪ್ಪಿಸಿ ಅದೇ ಕಡತ ತೆರೆದೆ. ಸಂಖ್ಯೆ ಪೂರ್ತಿ ಕಳೆದಾಗ ಕೆಟ್ಟದ್ದು ಒಂದೇ ಪದ; ಈಗ ಒಂದು ಪದವೂ ಮೂಡಲಿಲ್ಲ. ತುಂಬ ಹೊತ್ತು ಆ ಗೋಜಲನ್ನೇ ನೋಡುತ್ತಾ ಕೂತೆ. ಸಂಜೆಯ ಬಸ್ಸು ತಪ್ಪಿತು.